ಟ್ರೇಲರ್‌ನ ನೀರಿನ ಪಂಪ್ ಯಾಕಿಷ್ಟು ಸದ್ದು ಮಾಡುತ್ತದೆ, ಅದನ್ನು ಅಡಗಿಸುವುದು ಹೇಗೆ

ಬೆಳಗಿನ ಐದು ಗಂಟೆ. ಮಿಷಿಗನ್ ಸರೋವರದ ದಂಡೆಯ ಒಂದು ಶಿಬಿರ ತಾಣ. ಊರಿನಿಂದ ಬಂದಿದ್ದ ಅಮ್ಮ ಎಂದಿನಂತೆ ಬೇಗ ಎದ್ದು, ಯಾರಿಗೂ ಎಚ್ಚರವಾಗಬಾರದೆಂದು ನಲ್ಲಿಯನ್ನು ದಾರದೆಳೆಯಷ್ಟು ಸಣ್ಣಗೆ ಬಿಟ್ಟುಕೊಂಡು ಅಕ್ಕಿ ತೊಳೆಯತೊಡಗಿದರು. ನಾವು ತಂಗಿದ್ದ ಟ್ರೇಲರ್, ಅಂದರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ, ಇಡಿಯಾಗಿ ಗರ್ರ್ ಎಂದಿತು. ನಿಂತಿತು. ಮತ್ತೆ ಗರ್ರ್ ಎಂದಿತು. ಪಂಪ್ ಇದ್ದದ್ದು ನನ್ನ ಮಗಳು ಮಲಗಿದ್ದ ಮಂಚದ ಕೆಳಗಿನ ಖಾನೆಯಲ್ಲಿ. ಅವಳು ಬೆಚ್ಚಿ ಎದ್ದು ಕುಳಿತಳು. ಅಮ್ಮ ಗಾಬರಿಯಾಗಿ ನಲ್ಲಿಯನ್ನು ಇನ್ನಷ್ಟು ಸಣ್ಣಗೆ ಮಾಡಿದರು. ಪಂಪ್ ಆಗ ಬಿಕ್ಕಳಿಕೆ ಹಿಡಿದವರಂತೆ ಬಿಟ್ಟು ಬಿಟ್ಟು ಗುಟುರು ಹಾಕತೊಡಗಿತು. ನೀರು ಉಳಿಸಬೇಕು, ಸದ್ದು ಮಾಡಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಅವರು ಹಾಗೆ ಮಾಡಿದ್ದರು. ಈ ಪಂಪಿನ ಮುಂದೆ ಮಾತ್ರ ಅದು ತಿರುಗುಮುರುಗಾಗುತ್ತದೆ.

ಆ ಬೇಸಿಗೆ ಮುಗಿಯುವುದರೊಳಗೆ ನಾನು ಆ ಸದ್ದನ್ನು ಬಹುಮಟ್ಟಿಗೆ ಅಡಗಿಸಿದೆ. ಖರ್ಚು ಹೆಚ್ಚೇನೂ ಆಗಲಿಲ್ಲ, ಹೊಸ ಪಂಪನ್ನೂ ಕೊಳ್ಳಲಿಲ್ಲ. ಅಮೆರಿಕದಲ್ಲೋ ಕೆನಡಾದಲ್ಲೋ ಟ್ರೇಲರ್ ಕೊಂಡವರು, ಬೇಸಿಗೆಯ ರಜೆಗೆಂದು ಬಾಡಿಗೆಗೆ ಹಿಡಿಯುವವರು ಇದೇ ಸದ್ದಿಗೆ ನಿದ್ದೆಗೆಟ್ಟಿದ್ದರೆ ಅವರಿಗೆ ಈ ವಿವರಗಳು ಉಪಯೋಗಕ್ಕೆ ಬಂದಾವು.

ಮೊದಲು, ಈ ಪಂಪ್ ಪದೇ ಪದೇ ಓಡುವುದೇಕೆ ಎಂದು ನೋಡೋಣ. ನಮ್ಮ ಊರಿನ ಮನೆಗಳಲ್ಲಿ ಪಂಪ್ ದಿನಕ್ಕೊಮ್ಮೆ ಓಡಿ ತಾರಸಿಯ ಮೇಲಿನ ಟ್ಯಾಂಕ್ ತುಂಬಿಸಿ ಸುಮ್ಮನಾಗುತ್ತದೆ. ಆಮೇಲೆ ನಲ್ಲಿಗೆ ನೀರು ತರುವುದು ಟ್ಯಾಂಕಿನ ಎತ್ತರ. ಟ್ರೇಲರ್‌ನಲ್ಲಿ ಅಂಥ ಎತ್ತರಕ್ಕೆ ಜಾಗವಿಲ್ಲ. ನೀರಿನ ಟ್ಯಾಂಕ್ ನೆಲದಡಿಯಲ್ಲೋ ಮಂಚದಡಿಯಲ್ಲೋ ಇರುತ್ತದೆ. ಶಿಬಿರ ತಾಣದ ನಲ್ಲಿಗೆ ಕೊಳವೆ ಸಿಕ್ಕಿಸಿಕೊಂಡಾಗ ಪಂಪ್ ಬೇಕಾಗುವುದಿಲ್ಲ. ಅಂಥ ಸಂಪರ್ಕವಿಲ್ಲದ ಕಾಡಿನಲ್ಲಿ, ಬೆಟ್ಟದಲ್ಲಿ ತಂಗಿದಾಗ ಮಾತ್ರ ಪ್ರತಿ ಚೊಂಬು ನೀರನ್ನೂ 12 ವೋಲ್ಟ್ ಬ್ಯಾಟರಿಯಿಂದ ಓಡುವ ಈ ಪುಟ್ಟ ಪಂಪೇ ಒತ್ತಿ ಕಳಿಸಬೇಕು. ಅಂದರೆ ಸುತ್ತಲೂ ಎಲ್ಲ ನಿಶ್ಶಬ್ದವಾಗಿರುವ ಜಾಗದಲ್ಲೇ ಇದರ ಓಡಾಟ ಹೆಚ್ಚು.

ಪಂಪಿನ ಒಳಗೆ ಇರುವುದು ಒಂದು ರಬ್ಬರಿನ ಪೊರೆ. ಅದರಲ್ಲಿ ಮೂರೋ ನಾಲ್ಕೋ ಗುಳಿಗಳು. ಮೋಟಾರಿನ ಅಚ್ಚಿಗೆ ಓರೆಯಾಗಿ ಕೂರಿಸಿದ ಒಂದು ತಟ್ಟೆ ತಿರುಗುತ್ತಾ ಆ ಗುಳಿಗಳನ್ನು ಒಂದಾದ ಮೇಲೊಂದರಂತೆ ಅದುಮುತ್ತದೆ, ಬಿಡುತ್ತದೆ. ಹಸುವಿನ ಕೆಚ್ಚಲಿನಿಂದ ಹಾಲು ಕರೆಯುವಾಗ ಒಂದೊಂದು ಹಿಂಡಿಗೆ ಒಂದೊಂದು ಚಿಮ್ಮು ಬರುತ್ತದಲ್ಲ, ಇಲ್ಲಿಯೂ ಹಾಗೆಯೇ. ಸೆಕೆಂಡಿಗೆ ಹತ್ತಾರು ಚಿಮ್ಮುಗಳು. ನಲ್ಲಿಯಲ್ಲಿ ನಮಗೆ ಧಾರೆಯಾಗಿ ಕಾಣುವ ನೀರು ಪೈಪಿನ ಒಳಗೆ ತಟತಟನೆ ಬಡಿಯುತ್ತಾ ಸಾಗುತ್ತಿರುತ್ತದೆ. ಹಾಗೆ ಬಡಿದಾಗಲೆಲ್ಲ ಪಂಪಿನ ಮೈಯೂ ನಡುಗುತ್ತದೆ.

ಇದರ ಜೊತೆಗೆ ಪಂಪಿನ ತಲೆಯ ಮೇಲೆ ಒತ್ತಡದ ಸ್ವಿಚ್ ಒಂದಿದೆ. ನಿಮಿಷಕ್ಕೆ 3 ಗ್ಯಾಲನ್, ಅಂದರೆ ಸುಮಾರು 11 ಲೀಟರ್ ನೀರು ಕೊಡುವ ಸಾಮಾನ್ಯ ಪಂಪುಗಳಲ್ಲಿ ಪೈಪಿನ ಒತ್ತಡ 55 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಮುಟ್ಟಿದಾಗ ಅದು ಮೋಟಾರನ್ನು ನಿಲ್ಲಿಸುತ್ತದೆ. 40ರ ಹತ್ತಿರಕ್ಕೆ ಇಳಿದಾಗ ಮತ್ತೆ ಹಚ್ಚುತ್ತದೆ. ನಲ್ಲಿಯನ್ನು ಪೂರ್ತಿ ತೆರೆದರೆ ಒತ್ತಡ ಮೇಲೇರುವುದೇ ಇಲ್ಲ, ಪಂಪ್ ಒಂದೇ ಸಮನೆ ಓಡುತ್ತದೆ. ಸಣ್ಣಗೆ ತೆರೆದರೆ ಪಂಪ್ ಕೊಡುವ ನೀರಿಗಿಂತ ನಲ್ಲಿ ಬಿಡುವ ನೀರು ಕಡಿಮೆ. ಒತ್ತಡ ಕ್ಷಣದಲ್ಲಿ ಏರುತ್ತದೆ, ಪಂಪ್ ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ, ಪಂಪ್ ಹೊರಡುತ್ತದೆ. ಅಂದು ಬೆಳಿಗ್ಗೆ ಅಕ್ಕಿ ತೊಳೆಯುವಾಗ ಆದದ್ದು ಇದೇ. ಒಂದೇ ಸಮನಾದ ಗುಂಯ್ ಸದ್ದಿಗೆ ಕಿವಿ ಹೊಂದಿಕೊಂಡು ಮಲಗಿಬಿಡುತ್ತದೆ. ತುಂಡು ತುಂಡಾದ ಸದ್ದಿಗೆ ಅದು ಪ್ರತಿ ಸಲವೂ ಏಳುತ್ತದೆ. ಹಾಗಾಗಿ ಬೇರೇನೂ ಮಾಡಲಾಗದ ಬಾಡಿಗೆ ಟ್ರೇಲರ್‌ನಲ್ಲಿದ್ದರೆ ನನ್ನ ಮೊದಲ ಸಲಹೆ ಇಷ್ಟೇ: ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು, ಪೂರ್ತಿ ತೆರೆದು, ಬೇಕಾದಷ್ಟು ಹಿಡಿದು, ಮುಚ್ಚಿಬಿಡಿ. ನೀರೂ ಉಳಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವೀಣೆಯ ತಂತಿಯೊಂದನ್ನು ಬಿಚ್ಚಿ ಎರಡು ಕೈಗಳ ನಡುವೆ ಎಳೆದು ಹಿಡಿದು ಮೀಟಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದು ಕಷ್ಟ. ಅದೇ ತಂತಿಯನ್ನು ಕುದುರೆಯ ಮೇಲೆ ಹಾಯಿಸಿ, ಕುದುರೆಯನ್ನು ಹಲಸಿನ ಮರದ ಕೊಡದ ಮೇಲೆ ಕೂರಿಸಿದರೆ ಸಭೆಯ ಕೊನೆಯ ಸಾಲಿಗೂ ಕೇಳುತ್ತದೆ. ನಡುಗುವುದು ತಂತಿ, ಗಾಳಿಯನ್ನು ನಡುಗಿಸಿ ನಾದ ಹೊರಡಿಸುವುದು ಕೊಡ. ಟ್ರೇಲರ್‌ನಲ್ಲಿ ಪಂಪೇ ತಂತಿ. ಅದನ್ನು ನೆಲಕ್ಕೆ ಬಿಗಿದ ನಾಲ್ಕು ಸ್ಕ್ರೂಗಳು, ಅದಕ್ಕೆ ಜೋಡಿಸಿದ ಗಟ್ಟಿ ಪೈಪುಗಳು ಕುದುರೆ. ಮಂಚದಡಿಯ ಪ್ಲೈವುಡ್ ಖಾನೆ, ತೆಳು ಗೋಡೆ, ಟೊಳ್ಳು ನೆಲ, ಇವೆಲ್ಲ ಕೊಡ. ಎಳೆಯುವ ವಾಹನಕ್ಕೆ ಭಾರವಾಗಬಾರದೆಂದು ಟ್ರೇಲರ್‌ನ ಗೋಡೆ, ಖಾನೆಗಳನ್ನು ಆದಷ್ಟು ತೆಳುವಾಗಿ, ಹಗುರವಾಗಿ ಕಟ್ಟಿರುತ್ತಾರೆ. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತಲ ಕಾರ್ಖಾನೆಗಳಿಂದಲೇ ಅಮೆರಿಕದ ಬಹುಪಾಲು ಟ್ರೇಲರ್‌ಗಳು ಬರುತ್ತವೆ; ಅಗ್ಗದ್ದಿರಲಿ ದುಬಾರಿಯದಿರಲಿ, ಅವು ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ಹಗುರವಾದ ತೆಳು ಹಲಗೆಯಷ್ಟು ಚೆನ್ನಾಗಿ ಸದ್ದು ಹೊರಡಿಸುವ ವಸ್ತು ಇನ್ನೊಂದಿಲ್ಲ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ, ಹತ್ತು ನಿಮಿಷದಲ್ಲಿ ಕೈಯಾರೆ ನೋಡಬಹುದು. ಅದೇ ಖಾನೆಯಲ್ಲಿ 120 ವೋಲ್ಟ್ ತಂತಿಗಳಿರುವ ಸಂಭವವಿದೆ. ಆದ್ದರಿಂದ ಹೊರಗಿನ ವಿದ್ಯುತ್ ಸಂಪರ್ಕ ತೆಗೆದು ಬ್ಯಾಟರಿಯ ಮೇಲಷ್ಟೇ ಇರಿ. ಪಂಪಿನ ನಾಲ್ಕೂ ಸ್ಕ್ರೂ ಬಿಚ್ಚಿ. ಪೈಪುಗಳು ಬಿಟ್ಟಷ್ಟು ದೂರ, ಒಂದೆರಡು ಬೆರಳಿನಷ್ಟಾದರೂ, ಅದನ್ನು ನೆಲದಿಂದ ಮೇಲೆತ್ತಿ ಅಂಗೈಯಲ್ಲಿ ಹಿಡಿದುಕೊಳ್ಳಿ. ಇನ್ನೊಬ್ಬರಿಗೆ ನಲ್ಲಿ ತೆರೆಯಲು ಹೇಳಿ. ನಾನು ಹೀಗೆ ಹಿಡಿದುಕೊಂಡಾಗ ಪಂಪ್ ಅಂಗೈಯಲ್ಲಿ ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿತು, ಅಷ್ಟೇ. ಎತ್ತಿದ್ದನ್ನು ನಿಧಾನವಾಗಿ ನೆಲಕ್ಕೆ ಮುಟ್ಟಿಸಿದೆ. ಮುಟ್ಟಿದ ಕ್ಷಣಕ್ಕೆ ಖಾನೆ ಗುಡುಗಿತು. ಮತ್ತೆ ಎತ್ತಿದೆ, ಅಡಗಿತು. ನಲ್ಲಿ ಹಿಡಿದು ನಿಂತಿದ್ದ ಮಗಳು ಅಲ್ಲಿಂದಲೇ ‘ಈಗ ಇಟ್ಟಿರಿ, ಈಗ ಎತ್ತಿದಿರಿ’ ಎಂದು ನೋಡದೆಯೇ ಹೇಳಿದಳು.

ಪರೀಕ್ಷೆಯಿಂದ ಎರಡು ಸಂಗತಿ ತಿಳಿಯುತ್ತವೆ. ಎತ್ತಿದಾಗ ಸದ್ದು ಬಹಳ ಇಳಿದರೆ ನಡುಕ ಹೋಗುತ್ತಿರುವುದು ನೆಲದ ಮೂಲಕ. ಎತ್ತಿದರೂ ಅಷ್ಟಾಗಿ ಇಳಿಯದಿದ್ದರೆ ಪೈಪುಗಳ ಮೂಲಕ. ಸಾಮಾನ್ಯವಾಗಿ ಎರಡೂ ದಾರಿಗಳಿರುತ್ತವೆ, ಒಂದನ್ನು ಮುಚ್ಚಿದ ಮೇಲೆ ಇನ್ನೊಂದು ಎದ್ದು ಕೇಳಿಸುತ್ತದೆ. ಆದ್ದರಿಂದ ಒಂದು ಕೆಲಸ ಮಾಡಿ ಫಲ ಸಾಲದೆಂದು ಕೈಬಿಡಬೇಡಿ.

ನೆಲದ ದಾರಿಯಿಂದ ಶುರುಮಾಡೋಣ. ಪಂಪಿಗೆ ರಬ್ಬರಿನ ನಾಲ್ಕು ಪಾದಗಳಿರುತ್ತವೆ. ಕೂರಿಸುವವರು ಯಂತ್ರದ ಸ್ಕ್ರೂಡ್ರೈವರ್ ಹಿಡಿದು ಸ್ಕ್ರೂಗಳನ್ನು ಕೊನೆಯವರೆಗೂ ಬಿಗಿದಿರುತ್ತಾರೆ. ರಬ್ಬರ್ ಚಪ್ಪಟೆಯಾಗಿ ಹೂತುಹೋಗಿರುತ್ತದೆ. ಅದುಮಿ ಹೋದ ರಬ್ಬರ್ ಕಲ್ಲಿಗೆ ಸಮ, ಅದು ನಡುಕವನ್ನು ನುಂಗುವುದಿಲ್ಲ, ದಾಟಿಸುತ್ತದೆ. ಸ್ಕ್ರೂಗಳನ್ನು ರಬ್ಬರ್ ತನ್ನ ಆಕಾರಕ್ಕೆ ಮರಳುವಷ್ಟು ಸಡಿಲಿಸಿ. ಕಾಸು ಖರ್ಚಿಲ್ಲದ ಈ ಒಂದು ಕೆಲಸದಿಂದಲೇ ನಮ್ಮ ಟ್ರೇಲರ್‌ನಲ್ಲಿ ಗುರುತಿಸುವಷ್ಟು ವ್ಯತ್ಯಾಸವಾಯಿತು.

ಅದರ ಮುಂದಿನ ಹೆಜ್ಜೆ, ಪಂಪಿನ ಕೆಳಗೆ ಮೆತ್ತೆ ಕೊಡುವುದು. ಬೆಳಿಗ್ಗೆ ಚಟ್ನಿ ರುಬ್ಬುವಾಗ ಕೆಳಮನೆಯವರಿಗೆ ತೊಂದರೆಯಾಗದಿರಲೆಂದು ಮಿಕ್ಸಿಯ ಕೆಳಗೆ ಮಡಚಿದ ಟವೆಲ್ ಹಾಕುತ್ತೇವಲ್ಲ, ಉಪಾಯ ಅದೇ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಹಗುರವಾದ ವಸ್ತುವನ್ನು ಮೆತ್ತೆಯ ಮೇಲಿಟ್ಟರೆ ಮೆತ್ತೆ ಸರಿಯಾಗಿ ಬಗ್ಗುವುದಿಲ್ಲ, ಅದರ ಮೇಲೆ ಪಂಪ್ ಕುಣಿಯುತ್ತದೆ. ಮೆತ್ತೆ ಕೆಲಸ ಮಾಡಬೇಕಾದರೆ ಮೇಲಿರುವುದು ಭಾರವಾಗಿರಬೇಕು. ಭಾರ ಹೆಚ್ಚಿದಷ್ಟೂ, ಮೆತ್ತೆ ಮೃದುವಾದಷ್ಟೂ ಆ ಜೋಡಿ ಸ್ವಾಭಾವಿಕವಾಗಿ ತೂಗುವ ಗತಿ ನಿಧಾನವಾಗುತ್ತದೆ. ಪಂಪಿನ ನಡುಕ ಅದಕ್ಕಿಂತ ಬಹಳ ವೇಗವಾಗಿದ್ದಾಗ ನಡುಕ ಮೆತ್ತೆಯನ್ನು ದಾಟಿ ಕೆಳಕ್ಕೆ ಇಳಿಯಲಾರದು. ಹೀಗಾಗಿ ಪಂಪನ್ನು ಮೊದಲು ದಪ್ಪನೆಯ ಹಲಗೆಗೆ ಕೂರಿಸಿ, ಆ ಹಲಗೆಯನ್ನು ಒಂದಂಗುಲ ದಪ್ಪದ ಫೋಮ್ ಅಥವಾ ರಬ್ಬರ್ ಹಾಸಿನ ಮೇಲೆ ಇಡುವುದು ಒಳ್ಳೆಯದು. ಕೆಲವರು ತೋಟದ ದಾರಿಗೆ ಹಾಸುವ ಸಿಮೆಂಟ್ ಬಿಲ್ಲೆಯನ್ನು ಬಳಸುತ್ತಾರೆ. ನಾನು ಎರಡು ಪ್ಲೈವುಡ್ ತುಂಡುಗಳನ್ನು ಅಂಟಿಸಿ ಒಂದೂವರೆ ಅಂಗುಲದ ಹಲಗೆ ಮಾಡಿಕೊಂಡೆ.

ಹಲಗೆಯನ್ನು ಸುಮ್ಮನೆ ಇಟ್ಟು ಬಿಡಬೇಡಿ. ಹೆದ್ದಾರಿಯ ಗುಂಡಿಯೊಂದಕ್ಕೆ ಟ್ರೇಲರ್ ಎಗರಿದರೆ ಬಿಡಿ ಪಂಪ್ ಹಾರಿ ಪೈಪಿನ ಕೀಲು ಮುರಿಯಬಹುದು. ಆಮೇಲೆ ನೀವು ಎದುರಿಸುವುದು ಸದ್ದನ್ನಲ್ಲ, ನೆಲದ ತುಂಬ ನೀರನ್ನು. ಹಲಗೆಯ ಮೂಲೆಗಳಲ್ಲಿ ಸ್ಕ್ರೂವಿನ ಮೈಗಿಂತ ಅಗಲವಾದ ರಂಧ್ರ ಕೊರೆದು, ಸ್ಕ್ರೂ ತಲೆಯ ಕೆಳಗೂ ರಬ್ಬರ್ ವಾಷರ್ ಹಾಕಿ, ಹಲಗೆ ಅಲ್ಲಾಡುವಷ್ಟು ಸಡಿಲ ಬಿಟ್ಟು ನೆಲಕ್ಕೆ ಹಿಡಿಸಿ. ಸ್ಕ್ರೂವಿನ ಲೋಹ ಹಲಗೆಯನ್ನು ನೇರವಾಗಿ ಮುಟ್ಟಿದರೆ ಮೆತ್ತೆ ಹಾಕಿಯೂ ಹಾಕದಂತೆ.

ಇನ್ನು ಪೈಪಿನ ದಾರಿ. ನನ್ನ ಅನುಭವದಲ್ಲಿ ನೆಲದ ದಾರಿ ಮುಚ್ಚಿದ ಮೇಲೆ ಉಳಿದ ಸದ್ದು ತಪ್ಪಿಸಿಕೊಳ್ಳುವುದು ಇಲ್ಲಿಂದಲೇ, ಜನ ಕಡಿಮೆ ಗಮನಿಸುವುದೂ ಇದನ್ನೇ. ಇಂದಿನ ಟ್ರೇಲರ್‌ಗಳಲ್ಲಿ ನೀರು ಹರಿಯುವುದು ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪಿನಲ್ಲಿ. ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ ಅಥವಾ ಬಿಳಿ ಬಣ್ಣದ್ದು ಸಾಮಾನ್ಯ. ಅದು ಬಗ್ಗುತ್ತದಾದರೂ ಬಿಗಿಯಾದದ್ದು. ಅದನ್ನು ಪಂಪಿನ ಬಾಯಿಗೆ ನೇರವಾಗಿ ಸಿಕ್ಕಿಸಿದ್ದರೆ ಪಂಪಿನ ಪ್ರತಿ ನಡುಕವೂ ಸ್ನಾನದ ಮನೆಯವರೆಗೆ ಪ್ರಯಾಣ ಮಾಡುತ್ತದೆ. ದಾರಿಯಲ್ಲಿ ಎಲ್ಲೆಲ್ಲಿ ಪೈಪ್ ಹಲಗೆಗೆ ಮುಟ್ಟಿದೆಯೋ ಅಲ್ಲೆಲ್ಲ ಒಂದೊಂದು ಹೊಸ ಕೊಡ ಹುಟ್ಟಿಕೊಳ್ಳುತ್ತದೆ.

ಇದಕ್ಕೆ ಮದ್ದು ಪಂಪಿನ ಎರಡೂ ಬದಿಗೆ ಒಂದೂವರೆ ಎರಡು ಅಡಿಯ ಮೆದು ಕೊಳವೆ. ಅದನ್ನು ಬಿಗಿಯಾಗಿ ಎಳೆದು ಜೋಡಿಸದೆ, ಸಡಿಲವಾದ ಬಳುಕು ಉಳಿಸಬೇಕು. ಆಯ್ಕೆ ಮಾಡುವಾಗ ನೋಡಬೇಕಾದ ಅಂಶಗಳಿವೆ. ಕುಡಿಯುವ ನೀರಿಗೆ ಯೋಗ್ಯವೆಂದು ನಮೂದಿಸಿದ ಕೊಳವೆಯೇ ಬೇಕು, ತೋಟಕ್ಕೆ ನೀರು ಹಾಯಿಸುವಂಥದ್ದಲ್ಲ. ಟ್ಯಾಂಕಿನಿಂದ ನೀರು ಹೀರುವ ಬದಿಗೆ ಗೋಡೆಯಲ್ಲಿ ನೂಲಿನ ಹೆಣಿಗೆಯೋ ತಂತಿಯ ಸುರುಳಿಯೋ ಇರುವ ಕೊಳವೆ ಹಾಕಬೇಕು. ಬರಿಯ ಮೆದು ಕೊಳವೆ ಹೀರುವ ಸೆಳೆತಕ್ಕೆ ಒಳಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ. ಶೌಚಾಲಯದ ತೊಟ್ಟಿಗೆ ಜೋಡಿಸುವ ಉಕ್ಕಿನ ಹೆಣಿಗೆಯ ಕೊಳವೆಗಳು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ, ಹೊರಗಿನಿಂದ ದಪ್ಪ ಕಾಣುತ್ತವೆ, ಆದರೆ ಒಳಗಿನ ತೂತು ಕಿರಿದು. ಹೀರುವ ಬದಿಗೆ ಅದನ್ನು ಹಾಕಿದರೆ ಪಂಪ್ ಏದುಸಿರು ಬಿಡುತ್ತದೆ. ಪಂಪಿನ ಬಾಯಿಯ ಮರೆಗಳು, ಅಂದರೆ ತಿರುಪಿನ ಗೆರೆಗಳು, ಪ್ಲಾಸ್ಟಿಕ್ಕಿನವು; ರಬ್ಬರ್ ವಾಷರ್ ಇರುವ ತಿರುಗುವ ಕೀಲನ್ನು ಕೈಯಿಂದ ಬಿಗಿದರೆ ಸಾಕು. ಸ್ಪ್ಯಾನರ್ ಹಾಕಿದರೆ ಮರೆ ಸೀಳುತ್ತದೆ.

ಕೊಳವೆ ಬದಲಿಸಿದ ಮೇಲೂ ನೀರಿನೊಳಗಿನ ಬಡಿತ ಪೈಪಿನಲ್ಲಿ ಒಂದಿಷ್ಟು ಉಳಿಯುತ್ತದೆ. ಪಂಪ್ ಓಡುತ್ತಿರುವಾಗ ಪೈಪಿನುದ್ದಕ್ಕೂ ಬೆರಳಾಡಿಸಿಕೊಂಡು ಹೋಗಿ. ಹಲಗೆಯ ರಂಧ್ರದೊಳಗೆ ತೂರಿದ ಕಡೆ, ಸ್ನಾನದ ತೊಟ್ಟಿಯ ಅಂಚಿಗೆ ತಾಗಿದ ಕಡೆ, ತೆಳು ಗೋಡೆಗೆ ಕ್ಲಿಪ್ ಹೊಡೆದ ಕಡೆ ಬೆರಳಿಗೇ ಗೊತ್ತಾಗುತ್ತದೆ. ಸೀಳಿ ಹೊದಿಸುವ ಫೋಮ್ ಕೊಳವೆಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ, ಅವುಗಳ ಗೇಣುದ್ದದ ತುಂಡುಗಳನ್ನು ಅಲ್ಲಲ್ಲಿ ಹೊದಿಸಿದರೆ ಸಾಕು. ನಮ್ಮ ಟ್ರೇಲರ್‌ನಲ್ಲಿ ಎಲ್ಲ ಮುಗಿದ ಮೇಲೂ ಅಡುಗೆಮನೆಯ ಕಡೆಯಿಂದ ಚಿರ್ ಎಂಬ ಸದ್ದು ಬರುತ್ತಲೇ ಇತ್ತು. ಎರಡು ದಿನ ಹುಡುಕಿದೆ. ಕೊನೆಗೆ ಸಿಂಕಿನ ಕೆಳಗಿನ ಖಾನೆಯಲ್ಲಿ ಕುಕ್ಕರಿನ ಮುಚ್ಚಳ ನೀಲಿ ಪೈಪಿಗೆ ಒರಗಿ ನಿಂತದ್ದು ಕಣ್ಣಿಗೆ ಬಿತ್ತು.

ಬಿಟ್ಟು ಬಿಟ್ಟು ಓಡುವ ಬಿಕ್ಕಳಿಕೆಗೆ ಮೆತ್ತೆಯಿಂದ ಪರಿಹಾರವಿಲ್ಲ. ಅದಕ್ಕೆ ಬೇಕಾದದ್ದು ಅಕ್ಯುಮುಲೇಟರ್ ಎಂಬ ಸಣ್ಣ ಟ್ಯಾಂಕ್. ಒಳಗೆ ರಬ್ಬರಿನ ಪೊರೆ, ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ನೀರು. ಪಂಪ್ ಒತ್ತಿದ ನೀರು ಗಾಳಿಯನ್ನು ಅದುಮಿ ಒಳಗೆ ಸೇರಿಕೊಳ್ಳುತ್ತದೆ. ಪಂಪ್ ನಿಂತಾಗ ಗಾಳಿ ಹಿಗ್ಗಿ ಆ ನೀರನ್ನು ನಲ್ಲಿಗೆ ತಳ್ಳುತ್ತದೆ. ಚಿಮ್ಮು ಚಿಮ್ಮಾಗಿ ಬರುವ ಬಡಿತವನ್ನೂ ಅದೇ ಗಾಳಿ ಮೆತ್ತಗಾಗಿಸುತ್ತದೆ. ಇದು ಪಂಪಿನಿಂದ ನೀರು ಹೊರಡುವ ಬದಿಯಲ್ಲಿರಬೇಕು.

ಎಷ್ಟು ದೊಡ್ಡ ಟ್ಯಾಂಕ್ ಬೇಕು ಎನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ. ಗಾಳಿಯನ್ನು ಮೊದಲೇ 30 ಪಿಎಸ್‌ಐಗೆ ತುಂಬಿಟ್ಟಿದ್ದು, ಪಂಪ್ 40ಕ್ಕೆ ಹೊರಟು 55ಕ್ಕೆ ನಿಲ್ಲುವುದಾದರೆ, ಒಂದು ಲೀಟರಿನ ಟ್ಯಾಂಕ್ ಪಂಪ್ ನಿಂತಾಗಿನಿಂದ ಮತ್ತೆ ಹೊರಡುವವರೆಗೆ ಕೊಡುವ ನೀರು ಸುಮಾರು 175 ಮಿಲಿಲೀಟರ್, ಒಂದು ಲೋಟದಷ್ಟು. ನಿಮಿಷಕ್ಕೆ ಒಂದು ಲೀಟರ್ ಹರಿಯುವ ಸಣ್ಣ ಧಾರೆಗೆ ಹತ್ತು ಸೆಕೆಂಡಿನ ಬಿಡುವು. ಬಿಕ್ಕಳಿಕೆ ನಿಲ್ಲಲು ಇಷ್ಟು ಸಾಕು. ಎರಡು ಗ್ಯಾಲನ್, ಅಂದರೆ 7.6 ಲೀಟರಿನ ಟ್ಯಾಂಕಾದರೆ ಅದೇ ಧಾರೆಗೆ 1.3 ಲೀಟರ್, ಸುಮಾರು ಎಂಬತ್ತು ಸೆಕೆಂಡಿನ ಬಿಡುವು. ಜಾಗವಿದ್ದರೆ ದೊಡ್ಡದನ್ನೇ ಹಾಕಿ ಎನ್ನುತ್ತೇನೆ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಮಲಗುವ ಮುಂಚೆ ಒತ್ತಡ 55ಕ್ಕೆ ಏರಿ ಪಂಪ್ ತಾನಾಗಿ ನಿಂತ ಮೇಲೆ ಅದರ ಸ್ವಿಚ್ ಆರಿಸಿಬಿಟ್ಟರೆ, ಆ ಟ್ಯಾಂಕಿನಲ್ಲಿ ಸುಮಾರು 2.7 ಲೀಟರ್ ನೀರು ಒತ್ತಡದಲ್ಲಿ ಕಾದಿರುತ್ತದೆ. ನಡುರಾತ್ರಿ ಎದ್ದವರು ಒಮ್ಮೆ ಶೌಚಾಲಯದ ಪೆಡಲ್ ಒತ್ತಿ, ಕೈ ತೊಳೆದು ಮರಳಿ ಮಲಗಲು ಅದು ಸಾಕು, ಪಂಪ್ ಏಳುವುದೇ ಇಲ್ಲ.

ಗಾಳಿಯ ಒತ್ತಡವನ್ನು ಅಳೆಯುವಾಗ ಪಂಪ್ ಆರಿಸಿ, ನಲ್ಲಿ ತೆರೆದು, ನೀರಿನ ಒತ್ತಡ ಪೂರ್ತಿ ಇಳಿದಿರಬೇಕು. ಸೈಕಲ್ ಚಕ್ರಕ್ಕೆ ಬಳಸುವ ಅಳತೆಗಡ್ಡಿಯೇ ಆಗುತ್ತದೆ. ಪಂಪ್ ಹೊರಡುವ ಒತ್ತಡಕ್ಕಿಂತ ಗಾಳಿ ಸ್ವಲ್ಪ ಕಡಿಮೆಯಿರಬೇಕು. ಹೆಚ್ಚಾದರೆ ನಲ್ಲಿಯ ನೀರು ನಡುವೆ ತಡವರಿಸುತ್ತದೆ. ನಿಮ್ಮ ಪಂಪ್ ಒತ್ತಡಕ್ಕೆ ತಕ್ಕಂತೆ ತಾನೇ ವೇಗ ಬದಲಿಸುವ ಬಗೆಯದಾದರೆ ಅಕ್ಯುಮುಲೇಟರ್ ಬೇಡ, ಅದು ಆ ಪಂಪಿನ ಲೆಕ್ಕವನ್ನು ಕೆಡಿಸುತ್ತದೆ. ಚಳಿಗಾಲಕ್ಕೆ ಟ್ರೇಲರ್ ನಿಲ್ಲಿಸುವಾಗ ಈ ಟ್ಯಾಂಕಿನ ನೀರನ್ನೂ ಬಸಿಯಲು ಮರೆಯಬೇಡಿ, ಹೆಪ್ಪುಗಟ್ಟಿದರೆ ಪೊರೆ ಹರಿಯುತ್ತದೆ.

ಕೆಲವು ಸದ್ದುಗಳು ಮಾತ್ರ ಅಡಗಿಸುವಂಥವಲ್ಲ, ಕೇಳಿಸಿಕೊಳ್ಳಬೇಕಾದಂಥವು. ಪಂಪ್ ಕಟಕಟ ಎನ್ನುತ್ತಾ ನಲ್ಲಿ ಉಗುಳುತ್ತಿದ್ದರೆ ಹೀರುವ ಬದಿಯಲ್ಲಿ ಗಾಳಿ ನುಗ್ಗುತ್ತಿದೆ, ಇಲ್ಲವೇ ಪಂಪಿನ ಮುಂದಿನ ಜಾಲರಿ ಕಟ್ಟಿದೆ. ಹೊಸ ಟ್ರೇಲರ್‌ಗಳಲ್ಲಿ ಟ್ಯಾಂಕಿಗೆ ರಂಧ್ರ ಕೊರೆದಾಗ ಉಳಿದ ಪ್ಲಾಸ್ಟಿಕ್ ಸಿಪ್ಪೆ ಈ ಜಾಲರಿಯಲ್ಲಿ ಸೇರಿಕೊಂಡಿರುತ್ತದೆ. ಮೊದಲ ಪ್ರವಾಸ ಮುಗಿದ ಕೂಡಲೇ ಬಿಚ್ಚಿ ತೊಳೆಯಿರಿ. ಎಲ್ಲ ನಲ್ಲಿ ಮುಚ್ಚಿದ್ದರೂ ಗಂಟೆಗೊಮ್ಮೆ ಪಂಪ್ ಗುರ್ ಎಂದು ನಿಂತರೆ ಎಲ್ಲೋ ಒತ್ತಡ ಸೋರುತ್ತಿದೆ. ಶೌಚಾಲಯದ ವಾಲ್ವ್ ಜಿನುಗುತ್ತಿರಬಹುದು, ಹೊರಗಿನ ನೀರಿನ ಸಂಪರ್ಕದ ಬಾಯಿಯಿಂದ ತೊಟ್ಟಿಕ್ಕುತ್ತಿರಬಹುದು, ಅಥವಾ ಪಂಪಿನೊಳಗಿನ ವಾಲ್ವ್ ಸವೆದು ನೀರು ಹಿಮ್ಮುಖವಾಗಿ ಟ್ಯಾಂಕಿಗೆ ಇಳಿಯುತ್ತಿರಬಹುದು. ಶಿಬಿರ ತಾಣದ ನಲ್ಲಿಗೆ ಜೋಡಿಸಿದ್ದಾಗ ನಿಮ್ಮ ಟ್ಯಾಂಕ್ ತಾನಾಗಿ ತುಂಬುತ್ತಿದ್ದರೆ ಆ ಕೊನೆಯದರ ಮೇಲೆ ಅನುಮಾನಪಡಿ.

ಪಂಪಿಗೆ ಫೋಮಿನ ಪೆಟ್ಟಿಗೆ ಮಾಡಿ ಮುಚ್ಚುವ ವಿಚಾರ ಹಲವರಿಗೆ ಮೊದಲೇ ಹೊಳೆಯುತ್ತದೆ. ಅದನ್ನು ನಾನು ಕೊನೆಗೆ ಇಡುತ್ತೇನೆ. ಗಾಳಿಯ ಮೂಲಕ ಬರುವ ಸದ್ದನ್ನಷ್ಟೇ ಅದು ತಡೆಯುತ್ತದೆ, ನೆಲ ಮತ್ತು ಪೈಪಿನ ಮೂಲಕ ಹೋಗುವುದನ್ನಲ್ಲ. ಮೋಟಾರಿಗೆ ಕಂಬಳಿ ಸುತ್ತುವುದಂತೂ ಬೇಡವೇ ಬೇಡ. ಅದು ಬಿಸಿಯಾಗುವ ಯಂತ್ರ, ಉಸಿರಾಡಲು ಜಾಗ ಬೇಕು. ಖಾನೆಯ ಒಳಗೋಡೆಗೆ ಭಾರವಾದ ರಬ್ಬರ್ ಹಾಸು ಅಂಟಿಸಿ, ಪಂಪಿನ ಸುತ್ತ ಗಾಳಿಯಾಡಲು ಬಿಡಿ.

ನಾವು ಈಗ ಅಮ್ಮ ಮಲಗಿರುವಾಗಲೂ ಪಾತ್ರೆ ತೊಳೆಯುತ್ತೇವೆ. ಪಂಪ್ ಓಡುತ್ತಿದೆಯೋ ಇಲ್ಲವೋ ಎಂದು ಮಂಚದ ಹಲಗೆಗೆ ಕೈಯಿಟ್ಟು ನೋಡಬೇಕಾಗುತ್ತದೆ. ಇದರಿಂದ ಹೊಸ ಎಚ್ಚರವೊಂದು ಬೇಕಾಯಿತು. ಮೊದಲು ಎಲ್ಲಾದರೂ ನೀರು ಸೋರಿದರೆ ಪಂಪಿನ ಗುಡುಗೇ ನಮ್ಮನ್ನು ಎಬ್ಬಿಸುತ್ತಿತ್ತು, ಈಗ ಎಬ್ಬಿಸುವುದಿಲ್ಲ. ಗೋಡೆಯ ಸ್ವಿಚ್ಚಿನ ಕೆಂಪು ದೀಪ ಪಂಪಿಗೆ ವಿದ್ಯುತ್ ಹೋಗುತ್ತಿದೆ ಎಂದಷ್ಟೇ ಹೇಳುತ್ತದೆ, ಪಂಪ್ ಓಡುತ್ತಿದೆ ಎಂದಲ್ಲ. ಹಾಗಾಗಿ ಸುತ್ತಾಡಲು ಹೊರಟಾಗ ಕೊನೆಯಲ್ಲಿ ಹೊರಬರುವವರು ಆ ಸ್ವಿಚ್ ಆರಿಸಿ, ದೀಪ ಆರಿದ್ದನ್ನು ನೋಡಿಯೇ ಬಾಗಿಲು ಹಾಕುತ್ತಾರೆ.